ನೀಲಿ ಮೊದಲು, ಕೆಂಪು ಆಮೇಲೆ

ಸಂಜೆಯಾದರೆ ಸಿಸ್ಟರಮ್ಮನ ಬಿಳಿಗೂದಲು ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಬೀದರಿನ ಓಣಿಯಲ್ಲಿ ನಮ್ಮ ಗೋಡೆಗೆ ಹತ್ತಿದ ಮನೆ ಅವರದು. ಒಳಗೆ ಕಪಾಟಿನ ತುಂಬ ಕುಂಡಗಳು, ಅವುಗಳ ಮೇಲೆ ನೀಲಿ, ಕೆಂಪು ಎಲ್‌ಇಡಿ ಪಟ್ಟಿಗಳು. "ಸಿಸ್ಟರಮ್ಮನ ಮನ್ಯಾಗ ದಿನಾ ಮದುವಿ" ಎಂದು ಓಣಿಯವರು ನಗುತ್ತಿದ್ದರು.

ಆಸ್ಪತ್ರೆಯಲ್ಲಿ ಹಸುಗೂಸುಗಳ ವಾರ್ಡಿನ ನರ್ಸ್ ಆಗಿದ್ದು ನಿವೃತ್ತರಾದವರು. ಭಾನುವಾರ ಚರ್ಚಿನಿಂದ ಬಂದರೆ ಸೀರೆ ಬದಲಿಸುವ ಮೊದಲೇ ಗಿಡಗಳ ಮುಂದೆ. ನೀರು ಹಾಕುವ ಮುಂಚೆ ಕೈಯ ಹಿಂಬದಿಯನ್ನು ಮಣ್ಣಿಗೆ ತಾಗಿಸುವರು, ಜ್ವರ ನೋಡಿದ ಹಾಗೆ.

ಅವ್ವ ತೀರಿಕೊಂಡ ವರ್ಷ ಔರಾದ್‌ನ ತವರುಮನೆಯಿಂದ ನಾನು ತಂದದ್ದು ಬೂದಿಯಲ್ಲಿ ಕಲಸಿ ಅರಿವೆಯಲ್ಲಿ ಕಟ್ಟಿಟ್ಟ ಟೊಮ್ಯಾಟೊ ಬೀಜ ಮಾತ್ರ. ಅವ್ವ ಹಿತ್ತಲಲ್ಲಿ ಬೆಳೆಯುತ್ತಿದ್ದ ಚಪ್ಪಟೆ, ಹುಳಿ ಹಣ್ಣು. ಬೇರೆ ಯಾರ ಹತ್ತಿರವೂ ಆ ಬೀಜ ಉಳಿದಿರಲಿಲ್ಲ. ನಮ್ಮ ಮನೆಗೆ ಬಿಸಿಲು ಬೀಳುವುದಿಲ್ಲ. ಕುಂಡವನ್ನು ದೇವರ ಜಗಲಿಯ ಮೇಲೆ, ಹಗಲಿರುಳು ಉರಿಯುವ ಕೆಂಪು ಬಲ್ಬಿನ ಕೆಳಗಿಟ್ಟೆ. ಬೆಳಕೂ ಆಯಿತು, ದೇವರ ಕಾವಲೂ ಆಯಿತು ಎಂದುಕೊಂಡೆ. ಮೊಳಕೆಗಳು ದಾರದಂತೆ ಉದ್ದಕ್ಕೆ ಎದ್ದು ಒಂದೊಂದೇ ಮಲಗಿದವು. ಉಳಿದವನ್ನು ಎತ್ತಿಕೊಂಡು ಅಳುತ್ತಲೇ ಪಕ್ಕದ ಮನೆಗೆ ಓಡಿದೆ.

"ಯಾವ ಬೆಳಕಿನಾಗ ಇಟ್ಟಿದ್ದಿ?"

"ದೇವರ ಮುಂದಿನ ಕೆಂಪು ಬಲ್ಬಿನ ಕೆಳಗರಿ."

"ಯವ್ವಾ, ಕೆಂಪು ಬೆಳಕು ಹೂ ಬಿಡೋ ವಯಸ್ಸಿಗಿ. ತೊಟ್ಟಿಲ ಕೂಸಿಗಿ ಮದುವಿ ಸೀರಿ ಉಡಸ್ತಾರೇನ?"

"ಬದುಕ್ತಾವೇನ್ರಿ? ಅವ್ವನ ಬೀಜ ಇವಷ್ಟೇ ಉಳದಾವ."

"ಕಾಮಣಿ ಆಗಿ ಮೈ ಹಳದಿ ಆದ ಕೂಸುಗಳ್ನ ನೀಲಿ ಬೆಳಕಿನಾಗ ಮಲಗಿಸಿ ಬದುಕಿಸೀನಿ. ಫಿಕರ್ ಮಾಡಬ್ಯಾಡ. ನಿಮ್ಮ ದೇವರಿಗಿ ಹೇಳು, ಇವು ನನ್ನ ವಾರ್ಡಿಗಿ ಬಂದಾವ ಅಂತ."

ಸೊರಗಿದ ಕಾಂಡಗಳನ್ನು ಎಲೆಯ ತನಕ ಮಣ್ಣಿನಲ್ಲಿ ಹೂತು, ನೀಲಿ ಪಟ್ಟಿಯ ಹತ್ತಿರಕ್ಕೆ ಇಟ್ಟರು. ಮಲಗುವ ಮುಂಚೆ ದೀಪ ಆರಿಸುವರು: "ಕೂಸಿಗಿ ನಿದ್ದಿ ಬ್ಯಾಡೇನ?" ಕಾಂಡ ದಪ್ಪವಾಯಿತು, ಎಲೆಗೆ ಕಡುಹಸಿರು ಬಂತು. ಮೊಗ್ಗು ಕಂಡ ದಿನ ಗೋಡೆಯಾಚೆಯಿಂದ ಕೂಗಿದರು, "ತಂಗಿ, ಲಗೂನ ಬಾ! ಕೆಂಪು ಹಚ್ಚೋದದ. ಮದುವಿ ಕೆಲಸಕ್ಕ ತವರಿನವರು ಇರಬೇಕು!" ನೀಲಿಯನ್ನು ತೆಗೆಯದೆ ಅದರ ಜೊತೆಗೇ ಕೆಂಪು ಕೂಡಿಸಿ, ಸ್ವಿಚ್ಚನ್ನು ನನ್ನ ಕೈಯಿಂದ ಒತ್ತಿಸಿದರು. ಮನೆಯೊಳಗೆ ಜೇನು ಬರುವುದಿಲ್ಲವೆಂದು ಹೂಗಳನ್ನು ತಾವೇ ಬೆರಳಿಂದ ಮೆಲ್ಲಗೆ ತಟ್ಟುತ್ತಿದ್ದರು.

ಮೊದಲ ಹಣ್ಣಿನ ಚಟ್ನಿಯನ್ನು ಜೋಳದ ರೊಟ್ಟಿಯ ಜೊತೆ ಕೊಟ್ಟೆ. ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ನಿಮ್ಮವ್ವ ಇಷ್ಟೇ ಹುಳಿ ಇದ್ದಳೇನ?"

"ಇದಕ್ಕಿಂತ ಜಾಸ್ತಿರಿ" ಎಂದೆ. ಅವ್ವ ಹೋದ ಮೇಲೆ ಅವಳನ್ನು ನೆನೆದು ನಕ್ಕದ್ದು ಅದೇ ಮೊದಲು.

ಈ ಸಲದ ಮಳೆಗಾಲಕ್ಕೆ ಮುಂಚೆ ಸಿಸ್ಟರಮ್ಮ ತೀರಿಕೊಂಡರು. ಅವರ ಮಗಳು ಕಪಾಟು, ದೀಪ ಎಲ್ಲವನ್ನೂ ನಮ್ಮ ಮನೆಗೆ ದಾಟಿಸಿದಳು. ಬೂದಿ ಕಲಸಿದ ಹೊಸ ಬೀಜದ ಒಂದು ಗಂಟನ್ನು, ನೀಲಿ, ಕೆಂಪು ಪಟ್ಟಿಗಳ ಜೊತೆ, ಭಾಲ್ಕಿಯ ನನ್ನ ತಂಗಿಗೆ ಕೊಟ್ಟೆ. ಮೊನ್ನೆ ಅವಳ ಫೋನು.

"ಅಕ್ಕಾ, ಎರಡೆಲಿ ಒಡದಾವ. ಕೆಂಪು ಹಚ್ಚಲೇನ?"

"ತಡಿಯವ್ವಾ" ಎಂದೆ, "ತೊಟ್ಟಿಲ ಕೂಸಿಗಿ ಮದುವಿ ಸೀರಿ ಉಡಸ್ತಾರೇನ?"