ಫಿರಂಗಿ ದಳದವರ ಕಿವಿ ನೋಡುವ ನರೆಲ್

ಟೌನ್ಸ್‌ವಿಲ್‌ನಲ್ಲಿ ನರೆಲ್ ಪೆಂಡ್ರಿಯ ದನಿ ಕೇಳದವರಿಲ್ಲ. ಕಸುಬು ಕಿವಿ ನೋಡುವುದು, ಅದರಲ್ಲೂ ಸೈನ್ಯದಿಂದ ನಿವೃತ್ತರಾದವರ ಕಿವಿ. ಗಂಟಲು ಮಾತ್ರ ಮೀನು ಮಾರುವವರದು. ಅವಳನ್ನು ದೂರಿ ಪ್ರಯೋಜನವಿಲ್ಲ. ಅಪ್ಪ ಫಿರಂಗಿ ದಳದವನು. ಮನೆಯಲ್ಲಿ ಉಪ್ಪು ಈ ಕಡೆ ಕೊಡಿ ಅನ್ನುವುದಕ್ಕೂ ಕೂಗಬೇಕಿತ್ತು. ಟಿವಿಯಲ್ಲಿ ವಾರ್ತೆ ಶುರುವಾದರೆ ಪಕ್ಕದ ಮನೆಯವರು ತಮ್ಮ ಟಿವಿ ಹಾಕುವ ಗೋಜಿಗೇ ಹೋಗುತ್ತಿರಲಿಲ್ಲ. ಅಂಥ ಮನೆಯಲ್ಲಿ ಬೆಳೆದವಳು ಐವತ್ತು ದಾಟಿದ ಮೇಲೂ ಗುಟ್ಟು ಹೇಳಿದರೆ ಕಾರಿಡಾರಿನ ಕೊನೆಗೆ ಕೇಳಿಸುತ್ತದೆ.

ಅವಳ ಹತ್ತಿರ ಬರುವ ಮುದುಕರಿಗೆ ಅದೇ ಇಷ್ಟ. ಬೇರೆ ಕಡೆ ಎಲ್ಲರೂ ಅವರ ಮುಂದೆ ಪಿಸುಗುಟ್ಟುತ್ತಾರೆ, ಇವಳೊಬ್ಬಳು ಮನುಷ್ಯರ ಹಾಗೆ ಮಾತಾಡುತ್ತಾಳೆ ಎಂದು ಅವರ ಅಂಬೋಣ. ನರೆಲ್‌ಗೆ ಇಷ್ಟವಾದದ್ದು ಬೇರೆಯೇ. ಹೊಸ ಯಂತ್ರವನ್ನು ಕಿವಿಗೆ ಸಿಕ್ಕಿಸಿ ಚಾಲೂ ಮಾಡಿದ ಮೊದಲ ಗಳಿಗೆ ಇದೆಯಲ್ಲ, ಅದಕ್ಕೆ ಅವಳು ಇಷ್ಟು ವರ್ಷದ ಮೇಲೂ ತುದಿಗಾಲಲ್ಲಿ ನಿಲ್ಲುತ್ತಾಳೆ. ಒಬ್ಬ ಎದ್ದು ನಡೆದವನು ಗಕ್ಕನೆ ನಿಂತು ಹಿಂದೆ ಯಾರು ಬರುತ್ತಿದ್ದಾರೆ ಎಂದು ಕೇಳಿದ್ದ. ಯಾರೂ ಇರಲಿಲ್ಲ, ಅವನದೇ ಪ್ಯಾಂಟಿನ ಸರಪರ. ಅದನ್ನು ಮನೆಯಲ್ಲಿ ಹೇಳುವಾಗ ಅವಳು ಎರಡೂ ಪಾತ್ರ ತಾನೇ ಮಾಡಿ ತೋರಿಸಿದ್ದಳು.

ಆದರೆ ಡೆಸ್ ಟಕ್‌ವೆಲ್‌ನ ವಿಷಯದಲ್ಲಿ ಆ ಗಳಿಗೆ ಬರಲೇ ಇಲ್ಲ.

ಡೆಸ್ ವಿಯೆಟ್ನಾಂ ಯುದ್ಧ ಕಂಡವನು. ವಾಪಸು ಬಂದ ಮೇಲೂ ಫಿರಂಗಿಯ ಪಕ್ಕದಲ್ಲೇ ನಿಂತು ನಿವೃತ್ತನಾದ. ಈಗ ಎಪ್ಪತ್ತೈದರ ಆಸುಪಾಸು, ಬೆನ್ನು ಮಾತ್ರ ಬೇಲಿಯ ಕಂಬದಷ್ಟು ನೆಟ್ಟಗೆ. ಜುಲೈ ತಿಂಗಳಲ್ಲಿ ಫಿರಂಗಿ ದಳದ ಮಾಜಿಗಳಿಗೂ ಎಂಜಿನಿಯರ್ ದಳದ ಮಾಜಿಗಳಿಗೂ ವರ್ಷಕ್ಕೊಂದು ಕ್ರಿಕೆಟ್ ಪಂದ್ಯ ನಡೆಯುತ್ತದೆ. ಒಂದೊಂದು ದಳದಿಂದ ಒಬ್ಬೊಬ್ಬ ಅಂಪೈರ್. ಫಿರಂಗಿಯವರ ಅಂಪೈರ್ ಯಾವತ್ತೂ ಡೆಸ್. ಅವನ ಬಿಳಿ ಕೋಟಿಗೆ ಇಸ್ತ್ರಿ ಹಾಕುವ ಹಕ್ಕು ಹೆಂಡತಿ ಬೆರಿಲ್‌ಗೂ ಇಲ್ಲ.

ಹೋದ ವರ್ಷ ಎಂಜಿನಿಯರ್ ದಳದ ನಾಯಕ ನೆವ್ ಓಗ್ರೇಡಿಯ ಬ್ಯಾಟಿಗೆ ಚೆಂಡು ಸವರಿ ಕೀಪರನ ಕೈ ಸೇರಿತು. ಬೌಂಡರಿಯಾಚೆ ಬ್ರೆಡ್ಡಿನ ನಡುವೆ ಬೀಟ್‌ರೂಟ್ ಇಡುತ್ತಿದ್ದ ಬೆರಿಲ್‌ಗೂ ಆ ಸದ್ದು ಕೇಳಿಸಿತ್ತು. ಫಿರಂಗಿಯವರು ಅಪೀಲು ಮಾಡಿದರೂ ಡೆಸ್ ತಲೆಯಲ್ಲಾಡಿಸಿ ನಾಟೌಟ್ ಅಂದ. ನೆವ್ ಆಡಿ ಆಡಿ ಪಂದ್ಯ ಗೆದ್ದುಕೊಂಡ. ಅವತ್ತಿನಿಂದ ಕ್ಲಬ್ಬಿನಲ್ಲಿ ಡೆಸ್ ಕಾಲಿಟ್ಟರೆ ಸಾಕು, ನೆವ್ ಎದ್ದು ನಿಂತು ಸೆಲ್ಯೂಟ್ ಹೊಡೆಯುತ್ತಿದ್ದ.

"ಬಾರಪ್ಪಾ ಬಾ! ನಮ್ ಟೀಮಿನ ಬೆಸ್ಟ್ ಪ್ಲೇಯರು!"

ಫಿರಂಗಿಯವರೂ ನಗುತ್ತಿದ್ದರು, ಆದರೆ ಹೊಟ್ಟೆಯುರಿಯಿಂದ. ಇನ್ನೊಂದು ಸಲ ಹೀಗಾದರೆ ಕೋಟು ಬೇರೆಯವರಿಗೆ ಎಂದು ಕೂತು ಮಾತಾಡಿಕೊಂಡೂ ಬಿಟ್ಟರು. ಅದಾದ ಮೇಲೆ ಬೆರಿಲ್ ಗಂಡನನ್ನು ಕಾರಿಗೆ ತುಂಬಿಕೊಂಡು ನರೆಲ್ ಹತ್ತಿರ ಬಂದದ್ದು.

ನರೆಲ್ ಅವನನ್ನು ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟು ಪರೀಕ್ಷೆ ಮಾಡಿದಳು. ಗಾಜಿನಾಚೆ ಕೂತು ಅವಳು ತನ್ನ ಗುಂಡಿ ಒತ್ತಿದರೆ ಕಿವಿಯಲ್ಲಿ ಕೀಂ ಎನ್ನುತ್ತದೆ, ಕೀಂ ಎಂದಾಗಲೆಲ್ಲ ಅವನು ತನ್ನ ಗುಂಡಿ ಒತ್ತಬೇಕು. ಡೆಸ್ ಒತ್ತಿದ, ಚೆನ್ನಾಗಿಯೇ ಒತ್ತಿದ. ಈ ವಯಸ್ಸಿಗೆ ಪರವಾಗಿಲ್ಲ ಎನ್ನುವಷ್ಟು ಮಾತ್ರ ಕೊರತೆ ಕಂಡಿತು. ಅಷ್ಟಕ್ಕೆ ತಕ್ಕ ಯಂತ್ರ ಕೊಟ್ಟಳು. ಎರಡು ವಾರಕ್ಕೆ ಬೆರಿಲ್ ಮತ್ತೆ ಬಾಗಿಲಲ್ಲಿ.

"ನೋಡಮ್ಮಾ ನರೆಲ್, ಕೆಟಲ್ಲು ಕೂಗಿ ಕೂಗಿ ಸಾಯತ್ತೆ, ಇವ್ನು ಪಕ್ಕದಲ್ಲೇ ಪೇಪರ್ ಓದ್ತಾ ಕೂತಿರ್ತಾನೆ. ಇದೇನ್ ಯಂತ್ರನೋ, ಕಿವೀಗೆ ಹಾಕೋ ಆಭರಣನೋ?"

"ನಂಗೆಲ್ಲಾ ಕೇಳ್ಸತ್ತೆ," ಅಂದ ಡೆಸ್. "ಇವ್ಳು ಗೊಣಗ್ತಾಳೆ, ಅಷ್ಟೇ."

ಯಂತ್ರ ಸರಿಯಾಗಿತ್ತು. ಕಿವಿ ಎಷ್ಟು ಕೇಳುತ್ತದೆಂದು ತೋರಿಸುವ ಪರೀಕ್ಷೆಯ ಗೆರೆಯೂ ಸರಿಯಾಗಿತ್ತು. ನರೆಲ್ ಎಷ್ಟೋ ವರ್ಷದ ಅನುಭವಸ್ಥೆ, ಆ ಗೆರೆಯ ಮೇಲೆ ಅವಳಿಗೆ ದೇವರ ಮೇಲಿನಷ್ಟು ನಂಬಿಕೆ. ಮೂರನೇ ಸಲ ಬಂದಾಗ ಅವಳಿಗೂ ರೇಗಿತು. ಇನ್ನೊಮ್ಮೆ ಪೂರ್ತಿ ಪರೀಕ್ಷೆ ಮಾಡಿಬಿಡೋಣ ಎಂದು ಡೆಸ್‌ನನ್ನು ಮತ್ತೆ ಕೋಣೆಗೆ ನೂಕಿದಳು. ಒತ್ತಿದಳು, ಅವನೂ ಒತ್ತಿದ. ಹೀಗೆ ಬಲಗಿವಿ ಮುಗಿಸಿ ಎಡಕ್ಕೆ ಬರುವಾಗ ಅವಳ ಕಣ್ಣು ಪರೀಕ್ಷೆಯ ಯಂತ್ರದ ಹಿಂಬದಿಗೆ ಬಿತ್ತು. ಹೆಡ್‌ಫೋನಿನ ತಂತಿ ಕಳಚಿಕೊಂಡು ಮೇಜಿನ ಕೆಳಗೆ ನೇತಾಡುತ್ತಿತ್ತು.

ಇಷ್ಟು ಹೊತ್ತೂ ಡೆಸ್‌ನ ಕಿವಿಗೆ ಒಂದೇ ಒಂದು ಸದ್ದೂ ಹೋಗಿರಲಿಲ್ಲ.

ನರೆಲ್‌ಗೆ ನಗು ಉಕ್ಕಿತು, ಕೋಪವೂ ಉಕ್ಕಿತು, ಎರಡನ್ನೂ ನುಂಗಿಕೊಂಡು ಆಟ ಮುಂದುವರಿಸಿದಳು. ತಂತಿ ಮುಟ್ಟಲಿಲ್ಲ. ಗುಂಡಿ ಒತ್ತಿದಳು, ಡೆಸ್ ಒತ್ತಿದ. ಒತ್ತಿದಂತೆ ಮೊಣಕೈ ಮಾತ್ರ ಕದಲಿಸಿದಳು. ಡೆಸ್ ಆಗಲೂ ಒತ್ತಿದ, ಮುಖದಲ್ಲಿ ಭಾರೀ ಏಕಾಗ್ರತೆ. ಕೊನೆಗೆ ಅವಳು ಮೂಗು ತುರಿಸಿಕೊಂಡಳು. ಅದಕ್ಕೂ ಒತ್ತಿದ.

ಅವಳು ಕೋಣೆಯ ಬಾಗಿಲನ್ನು ದಡಾರನೆ ತೆಗೆದಳು. "ಡೆಸ್ ಟಕ್‌ವೆಲ್! ನೀವು ಕಿವೀಲಿ ಕೇಳ್ತಿಲ್ಲ, ನನ್ ಮೊಣಕೈ ನೋಡ್ತಿದೀರಿ!"

ಡೆಸ್ ಮೊದಲು ಮೇಲೆ ನೋಡಿದ, ಆಮೇಲೆ ಬೂಟು ನೋಡಿದ. "ಎಲ್ರೂ ಹಂಗೇ ಮಾಡೋದು."

"ಎಲ್ರೂ ಅಂದ್ರೆ ಯಾರು?"

"ಎಲ್ರೂ ಅಂದ್ರೆ ಎಲ್ರೂ! ಪರೀಕ್ಷೇಲಿ ಫೇಲಾದ್ರೆ ಫಿರಂಗಿಯಿಂದ ಕಿತ್ತು ಉಗ್ರಾಣಕ್ಕೆ ಹಾಕೋರು ಮಗಳೇ. ಕಂಬಳಿ ಎಣಿಸ್ತಾ ಕೂತ್ಕೋಬೇಕು. ಹೊಸಬರು ಬಂದ ತಕ್ಷಣ ಹಳಬರು ಹೇಳ್ಕೊಡೋರು, ಒತ್ತೋನ ಭುಜ ನೋಡು, ಮೊಣಕೈ ನೋಡು, ಗಾಜಲ್ಲಿ ನೆರಳು ನೋಡು ಅಂತ. ಇಷ್ಟು ವರ್ಷದಲ್ಲಿ ಯಾರ್ ಕೈಗೂ ಸಿಕ್ಕಿಲ್ಲ ನಾನು."

"ಈಗ್ಯಾರು ಉಗ್ರಾಣಕ್ಕೆ ಹಾಕ್ತಾರೆ ನಿಮ್ಮನ್ನ? ನಾನು ನಿಮ್ ಕಡೆಯೋಳು!"

"ಪರೀಕ್ಷೆ ಅಂದ್ಮೇಲೆ ಪಾಸಾಗ್ಬೇಕಲ್ವಾ?" ಅಂದ ಡೆಸ್. ಅವನ ದನಿಯಲ್ಲಿ ಮೋಸದ ಸುಳಿವೇ ಇರಲಿಲ್ಲ. ಮೊಣಕೈ ನೋಡುವುದು ಅವನಿಗೆ ಉಸಿರಾಡಿದಷ್ಟೇ ಸಹಜವಾಗಿತ್ತು.

ನರೆಲ್‌ಗೆ ಬೈಯಬೇಕು ಅನ್ನಿಸಿತ್ತು, ಅಷ್ಟರಲ್ಲಿ ಅಪ್ಪ ನೆನಪಾದ. ಅಪ್ಪನೂ ಪ್ರತಿ ಪರೀಕ್ಷೆಯಲ್ಲಿ ಪಾಸು. ನನ್ನ ಕಿವಿ ಚೆನ್ನಾಗಿದೆ, ನೀವೇ ಗೊಣಗುತ್ತೀರಿ ಎಂದು ಸಾಯುವ ತನಕ ವಾದಿಸಿದ ಮನುಷ್ಯ. ಅವನು ಯಾರ ಮೊಣಕೈ ನೋಡಿದ್ದನೋ. ಅವಳ ಕಣ್ಣು ಒದ್ದೆಯಾಯಿತು. ಆದರೆ ಅಳುವ ಜಾಯಮಾನ ಅವಳದಲ್ಲ. ಟವೆಲ್ ತಂದು ಕಿಟಕಿಯ ಗಾಜಿಗೆ ತೂಗುಹಾಕಿ, ತಂತಿ ಸಿಕ್ಕಿಸಿ, ಮೊದಲಿನಿಂದ ಶುರುಮಾಡಿದಳು.

ಈ ಸಲ ಗೆರೆ ಮೊದಲು ನೆಟ್ಟಗೆ ಬಂದು, ತೆಳುವಾದ ಸದ್ದುಗಳ ಕಡೆ ಹೋಗುತ್ತಿದ್ದಂತೆ ಬಂಡೆಯ ಅಂಚಿನಿಂದ ಬಿದ್ದ ಹಾಗೆ ಬಿತ್ತು. ಡೆಸ್ ಅದನ್ನು ನೋಡಿ ಬೆವರಿದ.

"ಫೇಲಾ?"

"ಫೇಲು! ಅದ್ಭುತವಾಗಿ ಫೇಲು!" ಎಂದು ನರೆಲ್ ಚಪ್ಪಾಳೆ ತಟ್ಟಿದಳು. "ಈಗ ನನ್ ಕೈಲಿ ಕೆಲ್ಸ ಮಾಡಕ್ಕಾಗತ್ತೆ!"

ಹೊಸ ಲೆಕ್ಕಕ್ಕೆ ಯಂತ್ರ ಹೊಂದಿಸಿದಳು. ಚಾಲೂ ಮಾಡಿದೊಡನೆ ಡೆಸ್ ಕೂತಲ್ಲೇ ಬೆಚ್ಚಿ, "ಅದೇನದು ಟಿಕ್ ಟಿಕ್?" ಅಂದ. ಗೋಡೆ ಗಡಿಯಾರ. ಬೆರಿಲ್ ಕೈಚೀಲದ ಜಿಪ್ ಎಳೆದಳು, ಅವನು ತಿರುಗಿ ನೋಡಿದ. ಅವಳು ಮತ್ತೆ ಎಳೆದಳು, ಮತ್ತೆ ತಿರುಗಿದ. ಗಂಡ ಹೆಂಡತಿ ಇಬ್ಬರೂ ಚಿಕ್ಕ ಮಕ್ಕಳ ಹಾಗೆ ನಗತೊಡಗಿದರು. ನರೆಲ್‌ಗೆ ತನ್ನ ಗಳಿಗೆ ಸಿಕ್ಕಿತು.

ಆದರೂ ಬ್ಯಾಟಿನ ಅಂಚಿನ ಆ ಸದ್ದು ಸಿಗುವಂತಿರಲಿಲ್ಲ. ಯಾಕೆಂದರೆ ಈ ಯಂತ್ರಗಳಲ್ಲಿ ಹಠಾತ್ತನೆ ಬರುವ ಪಟ್ ಚಟ್ ಸದ್ದನ್ನು ತಗ್ಗಿಸುವ ಏರ್ಪಾಡು ಇದೆ. ಯುದ್ಧ ಕಂಡವರು ತಟ್ಟೆ ಬಿದ್ದರೂ ಬೆಚ್ಚಿಬೀಳುತ್ತಾರೆಂದು ನರೆಲ್ ಅದನ್ನು ಎಲ್ಲರಿಗೂ ಜಾಸ್ತಿಯೇ ಇಡುತ್ತಾಳೆ.

"ತೆಗ್ದ್‌ಬಿಡು," ಅಂದ ಡೆಸ್.

"ಯಾರಾದ್ರೂ ಪಟಾಕಿ ಹೊಡೆದ್ರೆ?"

"ಬೆಚ್ತೀನಿ. ಬೆಚ್ಚಿ ಸತ್ತೋಗಲ್ಲ. ಆ ಕೋಟು ಹೋದ್ರೆ ನಾನೇನ್ ಮಾಡ್ಲಿ, ಹೇಳು."

ಅವಳು ತೆಗೆದಳು. ಸರಿ, ಈಗ ನೋಡುವುದು ಹೇಗೆ? ನರೆಲ್ ಕಾರಿನ ಡಿಕ್ಕಿಯಿಂದ ಮಗನ ಹಳೆಯ ಬ್ಯಾಟು ತಂದಳು. ಡೆಸ್ ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ನಿಂತ, ಕಣ್ಣಿಗೆ ಕಟ್ಟಿದ್ದು ನರೆಲ್‌ಳ ದುಪಟ್ಟಾದಂಥ ಶಾಲು. ಬೆರಿಲ್ ಚೆಂಡು ಎಸೆಯಬೇಕು, ನರೆಲ್ ಒಮ್ಮೆ ಸವರಬೇಕು, ಒಮ್ಮೆ ತಪ್ಪಿಸಬೇಕು. ಸರದಿಗೆ ಕಾದಿದ್ದ ಮುದುಕರು ಕುರ್ಚಿ ಸಮೇತ ಪಕ್ಕಕ್ಕೆ ಸರಿದರು.

"ತಾಗ್ತು!" ಅಂದ ಡೆಸ್. ತಾಗಿತ್ತು. "ತಾಗಿಲ್ಲ!" ತಾಗಿರಲಿಲ್ಲ. "ಇದು ಬ್ಯಾಟಲ್ಲ, ನಿನ್ ಬಳೆ!" ಬಳೆಯೇ! ಕಾರಿಡಾರಿನಲ್ಲಿ ಕೂತಿದ್ದವರಲ್ಲಿ ಅರ್ಧ ಜನಕ್ಕೆ ಏನೂ ಕೇಳಿಸದಿದ್ದರೂ ಹೋ ಎಂದು ಕೂಗಿದರು. ಒಂದು ಚೆಂಡು ಹೋಗಿ ನೀರಿನ ಡಬ್ಬಕ್ಕೆ ಬಡಿದು ನೆಲವೆಲ್ಲ ಕೆರೆಯಾಯಿತು. ನರೆಲ್ ಒರೆಸುತ್ತಲೂ ನಗುತ್ತಿದ್ದಳು.

ಪಂದ್ಯದ ಭಾನುವಾರ ಅವಳಿಗೆ ತಿಂಡಿ ಸೇರಲಿಲ್ಲ. ಕಾರಿಡಾರು ಬೇರೆ, ಮೈದಾನ ಬೇರೆ. ಸಮುದ್ರದ ಕಡೆಯಿಂದ ಗಾಳಿ, ಮೇಲೆ ಹದ್ದುಗಳು, ಪಕ್ಕದಲ್ಲಿ ಸಾಸೇಜು ಚುರುಗುಟ್ಟುವ ಒಲೆ. ಮೈದಾನದ ನಡುವೆ ಟಿಟ್ಟಿಭ ಹಕ್ಕಿಯೊಂದು ಮೊಟ್ಟೆ ಇಟ್ಟು ಕೂತಿತ್ತು. ಅದರ ಹತ್ತಿರ ಚೆಂಡು ಹೋದರೆ ಯಾರೂ ಓಡಬಾರದು ಎಂಬುದು ಅಲ್ಲಿನ ಕಾನೂನು. ಆ ಹಕ್ಕಿ ಕಿರುಚಿದಾಗಲೆಲ್ಲ ಡೆಸ್ ಹುಬ್ಬು ಗಂಟಿಕ್ಕುವುದು ನರೆಲ್‌ಗೆ ಬೌಂಡರಿಯಿಂದಲೇ ಕಾಣುತ್ತಿತ್ತು. ಇದೆಲ್ಲದರ ನಡುವೆ ಒಂದು ಎಳೆ ಸದ್ದು ಹಿಡಿಯಬೇಕು. ತಪ್ಪಿದರೆ ಕೋಟು ಹೋಗುತ್ತದೆ, ತನ್ನ ಮಾತು ನಂಬಿ ನಿಂತ ಮುದುಕನ ಮಾನವೂ ಹೋಗುತ್ತದೆ. ಅವಳು ಬೆರಿಲ್‌ಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮಧ್ಯಾಹ್ನ ನೆವ್ ಬ್ಯಾಟಿಗೆ ಬಂದ. ಬರುವಾಗಲೇ ಡೆಸ್‌ಗೆ ಸೆಲ್ಯೂಟ್.

"ಏನ್ ಗುರುವೇ, ಈ ವರ್ಷನೂ ನಮ್ ಕಡೆಗೇ ಆಡ್ತೀಯ ತಾನೆ?"

"ಕಿರುಚ್ಬೇಡ," ಅಂದ ಡೆಸ್. "ಕೇಳ್ಸತ್ತೆ."

ನೆವ್ ಚೆನ್ನಾಗಿಯೇ ಆಡಿದ. ಫಿರಂಗಿಯವರ ಮುಖ ಬಾಡತೊಡಗಿತು. ಆಗ ಒಂದು ಓವರಿನ ಕೊನೆಯ ಚೆಂಡು ಬ್ಯಾಟಿನ ಪಕ್ಕದಲ್ಲಿ ನುಸುಳಿ ಕೀಪರನ ಗವುಸು ಸೇರಿತು. ಯಾರೂ ಉಸಿರೆತ್ತಲಿಲ್ಲ. ಬೌಲರ್ ಸೊಂಟ ನೀವಿಕೊಂಡ, ಕೀಪರ್ ಚೆಂಡನ್ನು ಅತ್ತ ಎಸೆದ. ಆದರೆ ನರೆಲ್ ಕಂಡಳು: ಡೆಸ್‌ನ ಬಲಗೈ ಕೋಟಿನಿಂದ ಚಿಮ್ಮಿ ಎದೆಯವರೆಗೆ ಬಂದು, ಅಲ್ಲೇ ನಿಂತು, ನಿಧಾನವಾಗಿ ಮತ್ತೆ ಜೇಬಿಗೆ ಹೋಯಿತು.

"ಕೇಳಿಸ್ತು ಬೆರಿಲ್! ಅವ್ರಿಗೆ ಕೇಳಿಸ್ತು!"

"ಮತ್ತೆ ಔಟ್ ಕೊಡ್ಲಿಲ್ವಲ್ಲ?"

"ಯಾರೂ ಅಪೀಲೇ ಮಾಡ್ಲಿಲ್ಲ! ಅಪೀಲಿಲ್ದೆ ಕೈ ಎತ್ತೋ ಹಂಗಿಲ್ಲ!"

ಬ್ಯಾಟಿನ ಸುತ್ತ ನಿಂತಿದ್ದವರೆಲ್ಲ ಮಾಜಿ ಫಿರಂಗಿಯವರು, ಎಲ್ಲರೂ ಮೊಣಕೈ ನೋಡಿ ಪಾಸಾದವರು. ಒಬ್ಬನಿಗೂ ಸದ್ದು ಮುಟ್ಟಿರಲಿಲ್ಲ. ಮೈದಾನದಲ್ಲಿ ಕಿವಿ ಇದ್ದವನು ಡೆಸ್ ಒಬ್ಬನೇ, ಅವನ ಬಾಯಿಗೆ ಕಾನೂನಿನ ಬೀಗ. ಮುಂದಿನ ಚೆಂಡಿಗೆ ಬೌಲರ್ ಓಟ ಶುರುಮಾಡುವ ತನಕ ಅಪೀಲಿಗೆ ಅವಕಾಶವಿದೆ, ಮಾಡುವವರು ಮಾತ್ರ ಇಲ್ಲ. ನರೆಲ್‌ಗೆ ಕೂಗಿಬಿಡಲೇ ಎನ್ನಿಸಿತು. ಅವಳ ಗಂಟಲಿಗೆ ಅದು ಏನೂ ಕಷ್ಟವಲ್ಲ. ಬೆರಿಲ್ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು.

ಓವರ್ ಎಂದು ಸಾರಿ ಡೆಸ್ ತನ್ನ ಜಾಗಕ್ಕೆ ನಡೆದ. ಜತೆಗಾರನೊಡನೆ ಮಾತಾಡಲು ಈ ತುದಿಗೆ ಬಂದಿದ್ದ ನೆವ್‌ನ ಪಕ್ಕ ಹಾಯುವಾಗ ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ, ತುಟಿ ಮಾತ್ರ ಅಲ್ಲಾಡಿತು. ಅವನು ಅಂದದ್ದು ಇಷ್ಟೇ ಎಂದು ಆಮೇಲೆ ಗೊತ್ತಾಯಿತು: "ಸಣ್ಣದೇ, ಆದ್ರೂ ಚೆನ್ನಾಗಿತ್ತು ಸದ್ದು."

ನೆವ್ ಕಂಬದ ಹಾಗೆ ನಿಂತ. ಬ್ಯಾಟಿನ ಅಂಚು ನೋಡಿಕೊಂಡ. ಡೆಸ್‌ನ ಬೆನ್ನು ನೋಡಿದ. ಆಮೇಲೆ ಗವುಸು ಕಳಚಿ, ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಗೆ ನಡೆಯತೊಡಗಿದ. ಫಿರಂಗಿಯವರು ಬಾಯಿಬಿಟ್ಟು ನೋಡುತ್ತಿದ್ದರು. "ಎಲ್ಲೋ ಹೋಗ್ತಿದೀಯ?" ಎಂದು ಕೀಪರ್ ಕೂಗಿದ. "ಔಟಾಗಿದೀನಿ ಕಣ್ರೋ ಕಿವುಡರಾ!" ಎಂದ ನೆವ್. ಮೈದಾನವೆಲ್ಲ ಎದ್ದು ಕುಣಿಯಿತು. ನಡುವೆ ಡೆಸ್ ಬಿಳಿ ಕೋಟಿನಲ್ಲಿ ನೆಟ್ಟಗೆ ನಿಂತಿದ್ದ, ಎರಡೂ ಕೈ ಜೇಬಿನಲ್ಲಿ, ಕೆನ್ನೆ ಕೆಂಪಗೆ. ನರೆಲ್ ಶಿಳ್ಳೆ ಹಾಕಿದ್ದಕ್ಕೆ ಟಿಟ್ಟಿಭ ಗೂಡು ಬಿಟ್ಟು ಹಾರಿತು.

ನೆವ್ ನೇರವಾಗಿ ಅವಳ ಹತ್ತಿರ ಬಂದ. ಬೈಗುಳ ಬಂತು ಎಂದುಕೊಂಡು ಅವಳೂ ಸೊಂಟಕ್ಕೆ ಕೈಯಿಟ್ಟು ಸಿದ್ಧವಾದಳು. ಅವನು ಪಕ್ಕದ ಐಸ್ ಪೆಟ್ಟಿಗೆಯ ಮೇಲೆ ಕುಸಿದು ಕೂತು, ಹೆಲ್ಮೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡ. ಎಷ್ಟೋ ವರ್ಷ ನೆಲಬಾಂಬು ಸಿಡಿಸುತ್ತಿದ್ದ ಮನುಷ್ಯ.

"ನಂಗೆ ಬ್ಯಾಟಲ್ಲಿ ಒಂಚೂರು ಅದುರಿದಂಗಾಯ್ತು, ಅಷ್ಟೇ," ಅಂದ. ಗೇಲಿ ಅವನ ಮುಖದಿಂದ ಪೂರ್ತಿ ಇಳಿದುಹೋಗಿತ್ತು. "ಸದ್ದು ಬಂತಾ ನರೆಲ್? ನಿಜವಾಗ್ಲೂ ಸದ್ದು ಬಂತಾ?"