ರೊಪ್ಪದಲ್ಲಿ ಕಾದ ತೆಂಗಿನ ಸಸಿಗಳು

ಮದುವೆಯಾಗಿ ಹೊಸದುರ್ಗದ ಕಡೆ ಬಂದಾಗ ಬರಗೇರಮ್ಮನಿಗೆ ತೆಂಗಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಅವಳು ಧರ್ಮಪುರದ ಕುರಿಗಾರ ಕರಿಸಿದ್ದಪ್ಪನ ಮಗಳು. ಅಲ್ಲಿ ನೆರಳೆಂದರೆ ಬೇವು, ಜಾಲಿ. ಗಂಡನ ಮನೆಯಲ್ಲಿದ್ದದ್ದು ತೆಂಗಿನ ತೋಟ. ಬೋರು ಕೈಕೊಟ್ಟ ಬೇಸಿಗೆಗಳಲ್ಲಿ ಅದರ ಎಳೆಯ ಮರಗಳಿಗೆ ಕೊಡದಲ್ಲಿ ನೀರು ಹೊತ್ತವಳು ಅವಳೇ. ಬೆಳಿಗ್ಗೆ ರೊಟ್ಟಿ ಬಡಿದು, ಪಾತ್ರೆ ಬೆಳಗಿ, ಕೊಟ್ಟಿಗೆ ಬಳಿದ ಮೇಲೆ ಮರಗಳ ಸರದಿ. ಊರಿನವರು ಮಾತ್ರ ಇವತ್ತಿಗೂ ಅದನ್ನು ಕನಕರಾಜನ ತೋಟ ಎನ್ನುತ್ತಾರೆ. ಕನಕರಾಜ ಅವಳ ಗಂಡ.

ತೋಟಕ್ಕೆ ಅಂಟಿದ ಹೊಲಕ್ಕೂ ತೆಂಗು ಹಾಕುವುದೆಂದು ಕನಕರಾಜ ಮತ್ತು ಅವನ ತಮ್ಮ ರಂಗೇಶ ತೀರ್ಮಾನಿಸಿದರು. ಬೇಗ ಕಾಯಿ ಬಿಡುವ ಗಿಡ್ಡ ತಳಿ, ಹೊರರಾಜ್ಯದ ಯಾವುದೋ ನರ್ಸರಿಯದು, ಮೊಬೈಲಿನಲ್ಲಿ ವಿಡಿಯೊ ನೋಡಿ ಆರಿಸಿದ್ದು. ಮಾತೆಲ್ಲ ಜಗಲಿಯ ಮೇಲೇ ಮುಗಿದಿತ್ತು. ಗುಂಡಿ ತೆಗೆಯುವ ಆಳುಗಳಿಗೆ ಅಡುಗೆಯಾಗಬೇಕು ಎಂಬಲ್ಲಿಗೆ ಬಂದಾಗಷ್ಟೇ ಅದು ಒಲೆಯ ಮುಂದಿದ್ದವಳಿಗೆ ತಲುಪಿತು.

ಸೋಮವಾರ ಬೆಳಿಗ್ಗೆ ಸಸಿ ತುಂಬಿದ ಗಾಡಿ ತೋಟದ ಬಾಗಿಲಿಗೆ ಬಂತು. ಆ ಮನೆಯಲ್ಲೊಂದು ಪದ್ಧತಿಯಿತ್ತು. ಹೊಸ ಹೊಲಕ್ಕೆ ಸಸಿ ಇಡುವಾಗ ಮೊದಲ ಗುಂಡಿಗೆ ಸೊಸೆಯೊಬ್ಬಳು ಹಾಲು ಬಿಟ್ಟು ಕೈಯಾರೆ ಸಸಿ ಇಳಿಸಬೇಕು. ಹಿರಿ ಸೊಸೆ ಇದ್ದರೆ ಅವಳೇ. ಅಲ್ಲಿಯವರೆಗೆ ಉಳಿದ ಗುಂಡಿಗಳಿಗೆ ಯಾರೂ ಮಣ್ಣೆಳೆಯುವಂತಿಲ್ಲ. ವರ್ಷವೆಲ್ಲ ಯಾರ ಕಣ್ಣಿಗೂ ಬೀಳದ ಆ ಕೈಗಳಿಗೆ ಅವತ್ತೊಂದು ದಿನ ಅರಿಶಿನ ಹಚ್ಚುತ್ತಾರೆ.

ಅತ್ತೆ ಪಾರ್ವತಮ್ಮ ಅರಿಶಿನ ಹಚ್ಚಿ ಸಸಿಯನ್ನು ಕೈಗಿಟ್ಟರು. ಕುರಿ ಕೊಳ್ಳುವವರು ತುಟಿ ಎತ್ತಿ ಹಲ್ಲು ನೋಡುವ ಹಾಗೆ ಬರಗೇರಮ್ಮ ಅದರ ಎಲೆಯನ್ನು ಮಗುಚಿದಳು. ಹಿಂಬದಿಯಲ್ಲಿ ಮೇಣದಂಥ ಬಿಳಿ ಪುಡಿ, ಬೆರಳಲ್ಲಿ ರಂಗೋಲಿ ಎಳೆದಂತೆ ಸುರುಳಿ ಸುರುಳಿ. ಇನ್ನೊಂದನ್ನು ಮಗುಚಿದಳು. ಅದರಿಂದ ಪುಟ್ಟ ಬಿಳಿ ನೊಣಗಳು ಎದ್ದು ಮತ್ತೆ ಅಲ್ಲೇ ಕುಳಿತವು.

ಆ ಸುರುಳಿಯನ್ನು ಅವಳು ಬಲ್ಲಳು. ಹಿಂದಿನ ವರ್ಷ ತಂಗಿಯ ಬಾಣಂತನಕ್ಕೆ ಹೊಳಲ್ಕೆರೆಗೆ ಹೋಗಿದ್ದಾಗ ಅವಳ ಗಂಡನ ಮನೆಯ ಹಿತ್ತಲ ತೆಂಗುಗಳಿಂದ ಸಣ್ಣಗೆ ಅಂಟು ಸುರಿಯುತ್ತಿತ್ತು. ಒಣಹಾಕಿದ ಕೂಸಿನ ಬಟ್ಟೆಗೆ ಅಂಟು, ತೊಳೆದು ಬೋರಲು ಹಾಕಿದ ಪಾತ್ರೆಗೆ ಅಂಟು. ಗರಿಗಳ ಮೇಲೆಲ್ಲ ಮಸಿ ಬಳಿದಂತೆ ಕಪ್ಪು. ತೋಟಗಾರಿಕೆ ಇಲಾಖೆಯವರು ಬಂದು, ಇದು ಹೊರದೇಶದಿಂದ ಬಂದ ನೊಣ, ಸಸಿಗಳ ಬೆನ್ನೇರಿ ಊರಿಂದೂರಿಗೆ ಹೋಗುತ್ತದೆ ಎಂದು ಹೇಳಿದ್ದರು. ಆ ಮನೆಯ ಗಂಡಸರು ಅದನ್ನು ಕಂಡದ್ದು ಕಾಯಿ ಕಮ್ಮಿಯಾದ ಮೇಲೆ. ಬಟ್ಟೆ ಒಗೆಯುವ ತಂಗಿ ತಿಂಗಳುಗಟ್ಟಲೆ ಮೊದಲೇ ಕಂಡಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ.

ಬರಗೇರಮ್ಮ ಸಸಿಯನ್ನು ಗಾಡಿಗೆ ವಾಪಸು ಇಟ್ಟಳು.

“ಇವು ತೋಟದೊಳಕ್ಕೆ ಬರಂಗಿಲ್ಲ.”

ರಂಗೇಶ ನಕ್ಕ. “ಏನತ್ತಿಗೆ, ಸಸಿಗೂ ಹೆಣ್ಣು ನೋಡೋ ಶಾಸ್ತ್ರ ಮಾಡ್ತೀರೇನು?”

“ನನ್ನ ನೋಡಾಕೆ ಬಂದಾಗ ನಡೆಸಿ, ಹಾಡಿಸಿ, ಜಡೆ ಎಳೆದು ನೋಡಿದ್ರಲ್ಲಪ್ಪ. ಇವನ್ನ ಒಂದ್ಸಲ ಮಗುಚಿ ನೋಡಾಕೆ ನಿಮಗೆ ಆಗ್ಲಿಲ್ವಾ?”

ಆಳುಗಳು ನಗು ನುಂಗಿಕೊಂಡರು. ಕನಕರಾಜನಿಗೆ ಮುಜುಗರವಾಯಿತು. ಜನ ಬಂದಿದ್ದಾರೆ, ಅಡುಗೆ ಆಗಿದೆ, ನೆಟ್ಟ ಮೇಲೆ ಔಷಧಿ ಹೊಡೆದರಾಯಿತು ಎಂದು ತಗ್ಗಿದ ದನಿಯಲ್ಲಿ ಹೇಳಿದ. ನೀವು ಔಷಧಿ ತರುವಷ್ಟರಲ್ಲಿ ನೊಣ ಹಳೆಯ ಮರಗಳಿಗೆ ಹಾರಿರುತ್ತದೆ, ಅಷ್ಟೆತ್ತರದ ಗರಿಗೆ ಹೊಡೆಯುವವರು ಯಾರು ಎಂದು ಅವಳು ಕೇಳಿದಳು. ಪಾರ್ವತಮ್ಮ ಅಪಶಕುನವೆಂದು ಅತ್ತರು. ಬರಗೇರಮ್ಮ ಬೇಲಿಯ ಬಾಗಿಲು ಎಳೆದು ಅದಕ್ಕೆ ಬೆನ್ನು ಕೊಟ್ಟು ನಿಂತಳು.

ಹಿರಿಯಳು ಒಲ್ಲೆನೆಂದರೆ ಕಿರಿ ಸೊಸೆ ಇಡಲಿ ಎಂದ ರಂಗೇಶ. ಅವನ ಹೆಂಡತಿ ಮೋನಿಕಾ ಹಾಲಿನ ಚೊಂಬು ಹಿಡಿದು ನಿಂತಿದ್ದಳು. ಹೊಳಲ್ಕೆರೆಯ ಅಂಟಿನ ಕತೆಯನ್ನು ಬರಗೇರಮ್ಮ ಅವಳಿಗೆ ಹಿಂದೆಯೇ ಹೇಳಿದ್ದಳು. ಎಲ್ಲರೂ ತನ್ನ ಕಡೆ ತಿರುಗಿದಾಗ ಚೊಂಬನ್ನು ನೆಲಕ್ಕಿಟ್ಟಳು.

“ನಾನೂ ಇಡಲ್ಲ. ಆ ಅಂಟು ಹತ್ತಿದ ಬಟ್ಟೆ ಒಗಿಯಾಕೆ ನೀವು ಬರ್ತೀರಾ?”

ಸಸಿ ಇಳಿಸಲು ಇನ್ನೊಬ್ಬ ಸೊಸೆ ಆ ಮನೆಯಲ್ಲಿರಲಿಲ್ಲ. ಹಾಗಾದರೆ ಗಾಡಿಯನ್ನು ವಾಪಸು ಕಳಿಸೋಣವೇ ಎಂದ ಕನಕರಾಜ. ದಾರಿಯುದ್ದಕ್ಕೂ ನೊಣ ಹಾರಿಸಿಕೊಂಡು ಹೋಗಿ ಇನ್ನೊಬ್ಬರ ತೋಟ ಸೇರುತ್ತವೆ, ಅದೂ ಬೇಡ ಎಂದಳು ಬರಗೇರಮ್ಮ. ಅವಳಪ್ಪ ಸಂತೆಯಿಂದ ತಂದ ಕುರಿಯನ್ನು ನೇರವಾಗಿ ಮಂದೆಗೆ ಬಿಟ್ಟವನಲ್ಲ. ಬೀಗರು ಕೊಟ್ಟ ಮರಿಯಾದರೂ ಅಷ್ಟೆ, ಕೂಡಿಹಾಕಲು ಬೇರೆ ರೊಪ್ಪ, ಕುಡಿಯಲು ಬೇರೆ ನೀರು. ರೋಗವಿಲ್ಲವೆಂದು ಖಾತ್ರಿಯಾದ ಮೇಲೇ ಒಳಕ್ಕೆ. ಇಲ್ಲೂ ಗುಡ್ಡದ ಓರೆಯಲ್ಲಿ, ತೆಂಗಿಲ್ಲದ ಕಡೆ, ಹಾಳುಬಿದ್ದ ಕುರಿ ರೊಪ್ಪವೊಂದಿತ್ತು. ಸಸಿಗಳು ಅಲ್ಲಿರಬೇಕು ಎಂದಳು. ನೊಣ ಹಾರದಂತೆ ಸುತ್ತ ಬಟ್ಟೆ ಕಟ್ಟಬೇಕು. ಕೆಟ್ಟ ಎಲೆ ಕೊಯ್ದು ಸುಡಬೇಕು, ಉಳಿದ ಎಲೆಗಳ ಹಿಂಬದಿಯನ್ನು ಬೇವಿನೆಣ್ಣೆ, ಸೋಪಿನ ನೀರಲ್ಲಿ ತೊಳೆಯಬೇಕು. ಹೊಸ ಗರಿ ಮೂಡಿ ಅದು ಚೊಕ್ಕವಾಗಿದ್ದರೆ ಮಾತ್ರ ತೋಟ.

ತೊಳೆಯುವ ಮಾತು ಬಂದ ಕೂಡಲೇ ಎಲ್ಲರ ಕಣ್ಣೂ ಅವಳ ಮೇಲೆಯೇ ಬಿದ್ದವು.

“ನನ್ನ ನೋಡಬ್ಯಾಡ್ರಿ. ತಂದೋರು ನೀವು, ತೊಳಿಯೋರೂ ನೀವೇ. ಹೆಂಗೆ ಅಂತ ಬೇಕಾರೆ ತೋರುಸ್ತೀನಿ.”

ಕನಕರಾಜ ಸೋತ ದನಿಯಲ್ಲಿ, ಮರೆ ಕಟ್ಟಲು ಹಳೆಯ ಸೀರೆಗಳನ್ನಾದರೂ ಕೊಡು ಎಂದ.

“ಸೀರೆ ಯಾಕೆ? ನಿಮ್ಮ ಪಂಚೆ ಅವೆಯಲ್ಲ.”

ಗಾಡಿ ಗುಡ್ಡದ ಕಡೆ ತಿರುಗಿತು. ಬಿಳಿ ಪಂಚೆ ಕಟ್ಟಿದ ರೊಪ್ಪ ಕೆಲವು ದಿನ ಊರಿನವರ ನಗೆಗೆ ಗುರಿಯಾಯಿತು. ಅಣ್ಣತಮ್ಮಂದಿರು ಕುಕ್ಕರಗಾಲಲ್ಲಿ ಕೂತು ಎಲೆ ತೊಳೆದರು. ಮೇಲೆಮೇಲೆ ತೊಳೆದು ಎದ್ದರೆ ಬರಗೇರಮ್ಮ ಎಲೆ ಮಗುಚಿ, ಬಕೀಟನ್ನು ಮತ್ತೆ ಮುಂದಕ್ಕೆ ತಳ್ಳುತ್ತಿದ್ದಳು. ಒಂದು ಸಂಜೆ ಕನಕರಾಜ ಸೊಂಟ ಹಿಡಿದುಕೊಂಡು, ಹಿಂದಿನ ಮಗ್ಗುಲು ತೊಳೆಯುವುದು ಬಹಳ ಕಷ್ಟ ಎಂದ. ಮುದ್ದೆ ಪಾತ್ರೆಯ ತಳವೂ ಹಾಗೇ ಎಂದಳು ಅವಳು.

ಹೊಸ ಗರಿ ಬಂತು. ಸುರುಳಿ ಮತ್ತೆ ಕಾಣಿಸಿದ ಸಸಿಗಳನ್ನು ರಂಗೇಶ ಗೊಣಗುತ್ತಲೇ ಅವಳ ಕಣ್ಣೆದುರಿಗೆ ಸುಟ್ಟ. ಉಳಿದವನ್ನು ತೋಟದ ಬಾಗಿಲಿಗೆ ತಂದ ದಿನ ಪಾರ್ವತಮ್ಮ ಅರಿಶಿನದ ಬಟ್ಟಲು ಹಿಡಿದು ಮತ್ತೆ ಎದುರು ನಿಂತರು.

“ತಡೀರಿ ಅತ್ತೆ,” ಎಂದು ಬರಗೇರಮ್ಮ ಮೊದಲ ಸಸಿಯ ಎಲೆಯನ್ನು ಬಿಸಿಲಿಗೆ ಹಿಡಿದು ಮಗುಚಿದಳು. ಆಮೇಲೆ ಎರಡನೆಯದು, ಮೂರನೆಯದು. ಕೊನೆಯ ಸಸಿಯವರೆಗೂ ಒಂದನ್ನೂ ಬಿಡದೆ ನೋಡಿದಳು. ಆಗ ಅವಳು ಬೇಲಿಯ ಬಾಗಿಲು ತೆಗೆದು, ಅರಿಶಿನಕ್ಕೆ ಕೈ ಚಾಚಿದಳು.