ಕೈ ತೊಳೆದ ನೀರಿನ ಬಣ್ಣ

ಶರಣಮ್ಮನ ಖಾನಾವಳಿಗೆ ಊಟಕ್ಕೆ ಬಂದವರು ಕೈ ತೊಳೆಯುವ ಮೊದಲು ಅವಳಿಗೆ ಕೈ ತೋರಿಸಬೇಕು. ಅದು ಅಲ್ಲಿಯ ಪದ್ಧತಿ. ತೋರಿಸದೆ ಸೀದಾ ನಲ್ಲಿಯ ಕಡೆ ನಡೆದವನ ತಟ್ಟೆಗೆ ರೊಟ್ಟಿ ಬೀಳುವುದು ತಡವಾಗುತ್ತಿತ್ತು.

"ತೋರ್ಸಪಾ ಕೈ. ಎಣ್ಣಿ ಐತಿ, ಉಗುರಿನ್ಯಾಗ ಕಬ್ಬಣದ ಚೂರು ಮಿಂಚಾಕತ್ತಾವು. ಲೇತ್ ಮ್ಯಾಲೆ ಅದೀಯೇನು?"

"ಹೂಂ ಅಕ್ಕ."

"ಏನು ಮಾಡ್ತೀರಿ ಅಲ್ಲಿ?"

"ಬೋಲ್ಟು."

"ಆ ಬೋಲ್ಟು ಎಲ್ಲಿಗೆ ಹೋಗ್ತಾವು?"

"ಅದು ನಂಗೇನಕ್ಕ ಗೊತ್ತು? ಡಬ್ಬಕ್ಕೆ ತುಂಬ್ತೀವಿ, ಟೆಂಪೋ ಬರುತ್ತೆ, ಹೋಗುತ್ತೆ."

"ದುಡಿಯೋದು ನೀನು, ಎಲ್ಲಿಗೆ ಹೋಗ್ತೈತಿ ಅನ್ನೋದು ಟೆಂಪೋದವನಿಗೆ ಗೊತ್ತು. ನಾಳೆ ಕೇಳ್ಕೊಂಡು ಬಾ. ಅಲ್ಲೀತನಾ ನಿನಗ ಎರಡನೇ ಸಲ ಪಲ್ಯ ಇಲ್ಲ."

ಪಕ್ಕದಲ್ಲಿ ಕೂತವರು ನಗುತ್ತಿದ್ದರು. "ಶರಣಮ್ಮಕ್ಕ ಕೈ ನೋಡಿ ಭವಿಷ್ಯ ಹೇಳ್ತಾರೆ, ನಂದೂ ನೋಡಿ" ಎಂದು ಒಬ್ಬ ಕೈ ಚಾಚಿದರೆ, "ನಿನ್ನ ಕೈಯಾಗ ಕೆಲಸದ ಗುರ್ತೇ ಇಲ್ಲ, ಭವಿಷ್ಯ ಎಲ್ಲಿಂದ ಬರಬೇಕು" ಎನ್ನುತ್ತಿದ್ದಳು. ಆದರೆ ಮಾರನೇ ದಿನ ಬೋಲ್ಟಿನ ಹುಡುಗ ಕೇಳಿಕೊಂಡೇ ಬಂದ. ಬೋಲ್ಟು ಹೋಗುವುದು ಸಂಡೂರಿನ ಗಣಿಗೆ.

ಬೆಂಗಳೂರಿನ ಪೀಣ್ಯ ಎಂದರೆ ಹೊಗೆ, ಗದ್ದಲ ಎಂದು ಮೂಗು ಮುಚ್ಚಿಕೊಂಡು ಹೋಗುವವರಿಗೆ ಇದೆಲ್ಲ ಎಲ್ಲಿ ಕಾಣಬೇಕು? ಎರಡನೇ ಹಂತದ ಒಂದು ಓಣಿಯಲ್ಲಿ ಲಕ್ಷ್ಮಣಪ್ಪನ ಫೌಂಡ್ರಿ ಇತ್ತು. ಅದರ ಕಾಂಪೌಂಡಿನ ಮೂಲೆಯಲ್ಲಿ, ತಗಡಿನ ನೆರಳಲ್ಲಿ, ಶರಣಮ್ಮನ ಖಾನಾವಳಿ. ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಒಂದು ಲೋಟ ಮಜ್ಜಿಗೆ. ಅವಳ ಗಂಡ ಸಂಗಣ್ಣ ಅದೇ ಫೌಂಡ್ರಿಯಲ್ಲಿ ಕರಗಿದ ಲೋಹವನ್ನು ಅಚ್ಚಿಗೆ ಹೊಯ್ಯುವವನು. ಇಬ್ಬರೂ ಕೊಪ್ಪಳದ ಕಡೆಯವರು. ಮಾತು ಕಡಿಮೆ ಆಡುವ ಗಂಡ, ಪ್ರಶ್ನೆ ನಿಲ್ಲಿಸದ ಹೆಂಡತಿ.

ಅವಳ ಪ್ರಶ್ನೆಗಳಿಗೆ ಮೂಲ ಅವಳ ಊರಿನ ಮುಂದಿನ ರಸ್ತೆ. ಹುಡುಗಿಯಾಗಿದ್ದಾಗ ಆ ರಸ್ತೆಯ ಮೇಲೆ ಕೆಂಪು ಮಣ್ಣು ತುಂಬಿದ ಲಾರಿಗಳು ಹಗಲೆಲ್ಲ ಸಾಲಾಗಿ ಹೋಗುತ್ತಿದ್ದವು. ಬೇಲಿಯ ಎಲೆಯೂ ಕೆಂಪು, ಒಣಗಲು ಹಾಕಿದ ಸೀರೆಯೂ ಕೆಂಪು. "ಯವ್ವಾ, ಇಷ್ಟು ಮಣ್ಣು ಯಾರು ತಿಂತಾರ?" ಎಂದು ತಾಯಿಯನ್ನು ಕೇಳಿದರೆ, "ನಿನ್ನ ಗಂಡ ತಿಂತಾನ, ಸುಮ್ನಿರು" ಎಂಬ ಉತ್ತರ. ಮದುವೆಯಾಗಿ ಪೀಣ್ಯಕ್ಕೆ ಬಂದು ಗಂಡನ ಕೆಲಸ ನೋಡಿದ ಮೇಲೆ ತಾಯಿ ಪೂರ್ತಿ ಸುಳ್ಳು ಹೇಳಿರಲಿಲ್ಲ ಎನಿಸಿತು.

ಲಕ್ಷ್ಮಣಪ್ಪನ ಫೌಂಡ್ರಿಯಲ್ಲಿ ಹೆಚ್ಚಾಗಿ ಆಗುತ್ತಿದ್ದದ್ದು ಒಂದೇ ಮಾಲು, ಜಾ ಪ್ಲೇಟು. ಕಲ್ಲು ಪುಡಿ ಮಾಡುವ ಕ್ರಷರ್ ಮಷಿನ್ನಿಗೆ ಎರಡು ದವಡೆ ಇರುತ್ತವೆ. ಆ ದವಡೆಗೆ ಕೂರಿಸುವ, ಮೈಮೇಲೆ ಉದ್ದುದ್ದ ಹಲ್ಲಿರುವ ದಪ್ಪ ಪ್ಲೇಟು ಅದು. ಹೊಸ ಪ್ಲೇಟುಗಳನ್ನು ಸಂಡೂರಿನ ಕಡೆಗೆ ಒಯ್ಯುತ್ತಿದ್ದವನು ಲಾರಿಯ ಯಮನಪ್ಪ. ಬರುವಾಗ ಖಾಲಿ ಬರುತ್ತಿರಲಿಲ್ಲ, ಅದಿರು ಅಗಿದು ಅಗಿದು ಸವೆದ ಹಳೇ ಪ್ಲೇಟುಗಳನ್ನು ತುಂಬಿಕೊಂಡು ಬರುತ್ತಿದ್ದ. ಅವನ್ನೇ ಕರಗಿಸಿ ಮತ್ತೆ ಹೊಸದು. ಅದಕ್ಕೆ ಬೆರೆಸುವ ಮ್ಯಾಂಗನೀಸು ಕೂಡ ಆ ಬೆಟ್ಟಗಳ ಕಡೆಯದೇ. ಅಲ್ಲಿಂದ ಹೊರಟ ಅದಿರು ಉಕ್ಕಾಗಿ, ಉಕ್ಕು ಸರಳಾಗಿ ಪೀಣ್ಯಕ್ಕೆ ಬಂದು, ಬೋಲ್ಟಾಗಿ ಮತ್ತೆ ಅದೇ ಗಣಿಗೆ ಹೋಗುತ್ತಿತ್ತು. ಶರಣಮ್ಮ ಇದನ್ನೆಲ್ಲ ಊಟಕ್ಕೆ ಬಂದವರ ಕೈಗಳಿಂದ ಒಂದೊಂದೇ ಎಳೆ ಹಿಡಿದು ಜೋಡಿಸಿಕೊಂಡಿದ್ದಳು.

ಯಮನಪ್ಪ ತಂದ ಒಂದು ಸವೆದ ಪ್ಲೇಟನ್ನು ಕೇಳಿ ಪಡೆದು ನಲ್ಲಿಯ ಕೆಳಗೆ ಹಾಸಿದ್ದಳು. ಎಲ್ಲರ ಕೈ ತೊಳೆದ ನೀರು ಅದರ ಮೇಲೆ ಬಿದ್ದು ಮೋರಿಗೆ ಹರಿಯುತ್ತಿತ್ತು. ಲಾರಿಯವರು, ಕ್ಲೀನರುಗಳು, ಲೋಡು ಇಳಿಸುವವರು ತೊಳೆದಾಗ ನೀರು ಕೆಂಪು. ಆ ವರ್ಷಗಳಲ್ಲಿ ಮೋರಿ ಸದಾ ಕೆಂಪಗೇ ಇರುತ್ತಿತ್ತು.

ಎರಡು ಸಾವಿರದ ಹನ್ನೊಂದರ ಮಳೆಗಾಲದಲ್ಲಿ ಕೋರ್ಟಿನ ಆದೇಶದಿಂದ ಬಳ್ಳಾರಿ ಸೀಮೆಯ ಗಣಿಗಳು ನಿಂತವು. ಮೋರಿಯ ನೀರು ತಿಳಿಯಾಯಿತು. ಆ ತಿಳಿ ನೀರು ನೋಡಿಯೇ ಶರಣಮ್ಮ ಮರುದಿನದ ಹಿಟ್ಟು ಅರ್ಧಕ್ಕೆ ಇಳಿಸಿದಳು.

ಯಮನಪ್ಪನ ಲಾರಿ ಅವನ ಊರಲ್ಲೇ ನಿಂತಿತು. ಹೊಸ ಪ್ಲೇಟು ಕೇಳುವವರಿಲ್ಲ, ಹಳೇ ಪ್ಲೇಟು ಬರುವುದಿಲ್ಲ. ಲಕ್ಷ್ಮಣಪ್ಪ ಫರ್ನೇಸು ಆರಿಸಿ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ. ಅವನು ಪೀಣ್ಯ ಇನ್ನೂ ಹೊಲವಾಗಿದ್ದಾಗಿನಿಂದ ಅಲ್ಲಿಯವನು. ಅವರಪ್ಪ ರಾಗಿ ಬೆಳೆದ ಜಾಗದಲ್ಲೇ ಶೆಡ್ಡು ನಿಂತಿತ್ತು. ಸಿಟ್ಟಿನ ಮನುಷ್ಯ. ಆ ದಿನಗಳಲ್ಲಿ ನೊಣ ಕೂತರೂ ಬೈಯುತ್ತಿದ್ದ.

"ದೀಪಾವಳಿಗಂಟ ನೋಡ್ತೀನಿ ಸಂಗಣ್ಣ. ಆಮ್ಯಾಕೆ ಫರ್ನೇಸ್ ಮಾರಿ ಶೆಡ್ಡು ಗೋಡೌನಿಗೆ ಕೊಟ್ಬುಡ್ತೀನಿ. ಗೋಡೌನಿಗೆ ಬೀಗ ಸಾಕು, ನೀನ್ಯಾಕೆ, ನಾನ್ಯಾಕೆ."

ಸಂಗಣ್ಣ ತಲೆ ಕೆರೆದುಕೊಂಡು ಬಂದು ಹೆಂಡತಿಗೆ ಹೇಳಿದ. ಗೋಡೌನು ಎಂದರೆ ಇವನ ಕೆಲಸವೂ ಹೋಯಿತು, ಆ ಮೂಲೆಯ ತಗಡೂ ಹೋಯಿತು.

ಅದಾದ ವಾರದಲ್ಲೇ ಹೊಸ ಗಿರಾಕಿಯೊಬ್ಬ ಬಂದ, ಟಿಪ್ಪರ್ ಓಡಿಸುವವನು. ಕೈ ತೋರಿಸಿದ. ಬೂದು ಬಣ್ಣ.

"ಸಿಮೆಂಟೇನು?"

"ಸಿಮೆಂಟಲ್ಲ ಕಣಕ್ಕ, ಮರಳು."

"ಮರಳು ಹಳ್ಳದಾಗ ಇರ್ತೈತಿ, ಅದ್ಯಾಕ ಬೂದಿ ಹಂಗ ಇರ್ತೈತಿ?"

"ಹಳ್ಳದ್ ಮರಳು ಈಗ ಎಲ್ಲಕ್ಕ ಸಿಗುತ್ತೆ? ಈ ಮೆಟ್ರೋ, ಈ ಅಪಾರ್ಟ್‌ಮೆಂಟು, ಎಲ್ಲಾದಕ್ಕೂ ಬಂಡೆ ಒಡೆದು ಮರಳು ಮಾಡ್ತಾರೆ. ಎಂ-ಸ್ಯಾಂಡು. ನೆಲಮಂಗಲ ದಾಟಿ ಒಳಗೋದ್ರೆ ಇದೇ ಕೆಲಸ."

"ಬಂಡಿ ಒಡಿಯೋದು ಯಾವುದರಾಗ?"

"ಕ್ರಷರ್‌ನಲ್ಲಿ. ಇನ್ಯಾವುದ್ರಲ್ಲಿ?"

ಹಂಚಿನ ಮೇಲಿನ ರೊಟ್ಟಿ ಹಾಗೇ ಕರಕಾಯಿತು. ಶರಣಮ್ಮ ಹಿಟ್ಟಿನ ಕೈಯಲ್ಲೇ ಲಕ್ಷ್ಮಣಪ್ಪನ ಕುರ್ಚಿಯ ಮುಂದೆ ಹೋಗಿ ನಿಂತಳು.

"ಸಾವ್ಕಾರ್ರ, ಸಂಡೂರಿನ ಕಲ್ಲೇ ಆಗಬೇಕೇನ್ರಿ ನಮ್ಮ ಪ್ಲೇಟಿಗೆ? ನೆಲಮಂಗಲದ ಕಲ್ಲು ಕಲ್ಲಲ್ಲೇನ್ರಿ?"

"ರೊಟ್ಟಿ ತಟ್ಟೋದು ಬಿಟ್ಟು ನಂಗೆ ಯಾಪಾರ ಯೋಳ್ಕೊಡಕ್ ಬಂದ್ಯಾ? ಓಗಮ್ಮೋ, ಅಲ್ಲಿ ಒಲೆ ಉರೀತೈತೆ."

ಬೈದವನು ಮಾರನೇ ಬೆಳಿಗ್ಗೆ ಸ್ಕೂಟರ್ ತೆಗೆದುಕೊಂಡು ನೆಲಮಂಗಲದ ದಾರಿ ಹಿಡಿದ. ಕ್ರಷರ್ ಇಟ್ಟುಕೊಂಡ ಮುನೀಂದ್ರ ಎಂಬುವನು ಗೇಟಿನ ಹತ್ತಿರ ಸಿಕ್ಕ. ಒಳಗೆ ಆಕಾಶ ಕಾಣದಷ್ಟು ಧೂಳು. ಲಕ್ಷ್ಮಣಪ್ಪ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದ, ಒಳಗೆ ಕಾಲಿಡಲಿಲ್ಲ. ಗೇಟಲ್ಲೇ ಟೀ ಕುಡಿದು, ಒಂದು ಜೊತೆ ಪ್ಲೇಟಿನ ಆರ್ಡರ್ ಹಿಡಿದು, ಮೀಸೆ ತಿರುವಿಕೊಂಡು ಬಂದ. ಅಳತೆ ಸಂಡೂರಿನದೇ, ಅಚ್ಚು ಬದಲಿಸಬೇಕಾಗಿಲ್ಲ.

ಆದರೆ ಕರಗಿಸಲು ಹಳೇ ಪ್ಲೇಟು ಸಾಲದು. ಪ್ಲೇಟಿನ ಬೆನ್ನಿಗೆ ಮೇಲೊಂದು ಕೆಳಗೊಂದು ಉಬ್ಬು ಇರುತ್ತದೆ, ಅದಕ್ಕೆ ಕಿವಿ ಎನ್ನುತ್ತಾರೆ. ಮಷಿನ್ನಿನವರು ಪ್ಲೇಟನ್ನು ಮೇಲಿನ ಕಿವಿಯಿಂದ ಸಿಕ್ಕಿಸಿ ಬೆಣೆ ಹೊಡೆಯುತ್ತಾರೆ.

"ಕೆಳಗಿನ ಕಿವಿಗೆ ಏನ್ ಕೆಲಸ? ಸುಮ್ಕೆ ಲೋಹ ತಿಂತೈತೆ. ಅದ್ನ ತೆಗ್ದು ಅಚ್ಚಿಗೆ ಉಯ್ಯಿ" ಎಂದ ಲಕ್ಷ್ಮಣಪ್ಪ.

"ಮೊದಲಿಂದ ಐತ್ರಿ ಅದು" ಎಂದ ಸಂಗಣ್ಣ.

"ಮೊದ್ಲಿಂದ ಐತೆ, ಯಾಕ್ ಐತೆ ಯೋಳು ನೋಡಾನ."

ಸಂಗಣ್ಣನಿಗೆ ಗೊತ್ತಿರಲಿಲ್ಲ. ಕೇಳಿದವನಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಪ್ಲೇಟು ಹೊಯ್ದ ಇಬ್ಬರೂ ಆ ಪ್ಲೇಟು ಕಲ್ಲು ಅಗಿಯುವುದನ್ನು ಒಂದು ದಿನವೂ ಕಣ್ಣಾರೆ ಕಂಡವರಲ್ಲ. ಕೆಳಗಿನ ಕಿವಿ ಇಲ್ಲದ ಪ್ಲೇಟು ನೆಲಮಂಗಲಕ್ಕೆ ಹೋಯಿತು.

ದಸರೆ ಮುಗಿಯುವಷ್ಟರಲ್ಲಿ ಮುನೀಂದ್ರ ತಾನೇ ಟೆಂಪೋದಲ್ಲಿ ಬಂದು ಆ ಪ್ಲೇಟುಗಳನ್ನು ಗೇಟಿನ ಮುಂದೆ ದಡಾರನೆ ಇಳಿಸಿದ.

"ಯಜಮಾನ್ರೇ, ಬೇರೆ ಕಡೆ ಪ್ಲೇಟು ಎಷ್ಟು ದಿನ ಬರುತ್ತೋ ನಿಮ್ದು ಅದರರ್ಧವೂ ಬರ್ಲಿಲ್ಲ. ನನ್ನ ಮಷಿನ್ ನಿಂತಿದೆ. ಇನ್ಮೇಲೆ ನೀವು ಬರ್ಬೇಡಿ, ನಾವೂ ಬರಲ್ಲ."

ಅವನು ಹೋದ ಮೇಲೆ ಲಕ್ಷ್ಮಣಪ್ಪನ ಸಿಟ್ಟು ಪೂರ್ತಿ ಸಂಗಣ್ಣನ ಮೇಲೆ ತಿರುಗಿತು. "ಅಚ್ಚಿಗೆ ಉಯ್ಯೋವಾಗ ನಿದ್ದೆ ಒಡೀತಿದ್ದಾ? ಲೋಹ ಎಳಸು ಮಾಡಿದ್ದೀಯ. ಸಾಕು, ದೀಪಾವಳಿನೂ ಬ್ಯಾಡ, ಈ ವಾರದಾಗೇ ಗೋಡೌನ್ ಪಾರ್ಟಿ ಕರೀತೀನಿ."

ಅವತ್ತು ಸಂಗಣ್ಣ ಊಟಕ್ಕೂ ಬರಲಿಲ್ಲ. ಶರಣಮ್ಮ ಗಂಡನನ್ನು ಸಮಾಧಾನ ಮಾಡಲು ಹೋಗದೆ, ಇಳಿಸಿದ ಪ್ಲೇಟಿನ ಮೇಲೆ ಒಂದು ಬಿಂದಿಗೆ ನೀರು ಸುರಿದಳು. ಬೂದು ಕೆಸರು ಹರಿಯಿತು. ಕೆಳಗಿನ ಅರ್ಧ ಹಲ್ಲು ಪೂರ್ತಿ ಸವೆದು ನುಣ್ಣಗಾಗಿತ್ತು, ಮೇಲಿನ ಅರ್ಧ ಹೊಸದರಂತೆ ಚೂಪಾಗಿತ್ತು. ಲೋಹ ಎಳಸಾಗಿದ್ದರೆ ಮೇಲಿನದೂ ಸವೆಯಬೇಕಿತ್ತಲ್ಲ? ನಲ್ಲಿಯ ಕೆಳಗಿನ ಸಂಡೂರಿನ ಪ್ಲೇಟಿನ ಮೇಲೂ ನೀರು ಸುರಿದು ಕೂತು ನೋಡಿದಳು. ಅದು ಎರಡೂ ತುದಿಯಲ್ಲಿ ಒಂದೇ ಸಮ ಸವೆದಿತ್ತು.

ಯಮನಪ್ಪನಿಗೆ ಫೋನು ಹಚ್ಚಿದಳು.

"ಅಣ್ಣಾ, ನೀ ತರತಿದ್ದ ಪ್ಲೇಟು ಎರಡೂ ಕಡೆ ಯಾಕ ಸವೀತಿದ್ದವು?"

"ಇದನ್ನ ಕೇಳಾಕ ಫೋನ್ ಹಚ್ಚಿದ್ಯಾ ತಂಗಿ? ನಾನೇನೋ ಫೌಂಡ್ರಿ ಸುರು ಆತು, ಲೋಡಿಗೆ ಬಾ ಅಂತೀ ಅನ್ಕೊಂಡೆ."

"ಹೇಳು ಮೊದಲ."

"ಮಷಿನ್ನಿನ್ಯಾಗ ಕೆಳಗಿನ ತುದಿ ಬೇಗ ಸವೀತೈತಿ. ಅರ್ಧಕ್ಕ ಬಂದ ಕೂಡ್ಲೆ ಬಿಚ್ಚಿ ತಿರುವಿ ಹಾಕ್ತಾರ, ಮ್ಯಾಲಿಂದು ಕೆಳಗ. ನೀ ರೊಟ್ಟಿ ತಿರುವೋದಿಲ್ಲೇನು? ಒಂದೇ ಕಡೆ ಬೇಯಿಸಿ ಕೊಟ್ರ ಯಾರು ತಿಂತಾರ?"

"ತಿರುವಿದ ಮ್ಯಾಲೆ ಸಿಕ್ಕಿಸೋದು ಯಾವುದರಿಂದ?"

"ಇನ್ನೊಂದು ಕಿವಿ ಇರ್ತೈತಲ್ಲ."

ಶರಣಮ್ಮ ಫೋನಿಟ್ಟಳು. ಸಾವ್ಕಾರರಿಗೆ ಇದನ್ನು ಹೇಳುವುದು ಹೇಗೆ? ಹೇಳದೆ ಬಿಟ್ಟರೆ ಗೋಡೌನು. ಕೊನೆಗೆ ಒಂದು ತಟ್ಟೆಯಲ್ಲಿ ರೊಟ್ಟಿ ಹಾಕಿಕೊಂಡು ಹೋಗಿ ಲಕ್ಷ್ಮಣಪ್ಪನ ಮುಂದೆ ಇಟ್ಟಳು. ಮೇಲೆ ಚೆನ್ನಾಗಿ ಬೆಂದಿತ್ತು. ಅವನು ಮುರಿದು ತಿರುಗಿಸಿ ನೋಡಿದರೆ ಕೆಳಗೆ ಹಸಿ ಹಿಟ್ಟು.

"ಏನಮ್ಮ ಇದು, ತಿರುವಾಕೋದು ಮರ್ತೋಯ್ತಾ?"

"ಮುನೀಂದ್ರಣ್ಣಾರೂ ಪ್ಲೇಟು ತಿರುವಿ ಹಾಕಿಲ್ರಿ. ಹಾಕೋಣಂದ್ರ ಕೆಳಗಿನ ಕಿವೀನ ಇಲ್ಲ."

ಲಕ್ಷ್ಮಣಪ್ಪನ ಮುಖ ಕೆಂಪಾಯಿತು. ತಟ್ಟೆ ಎಸೆಯುತ್ತಾನೆ ಎಂದೇ ಫರ್ನೇಸಿನ ಹತ್ತಿರ ಕೂತಿದ್ದ ಸಂಗಣ್ಣ ಎದ್ದು ನಿಂತ. ಎಸೆಯಲಿಲ್ಲ. ಲಕ್ಷ್ಮಣಪ್ಪ ಎದ್ದು ಹೋಗಿ ಸಂಡೂರಿನದು, ಮುನೀಂದ್ರನದು ಎರಡೂ ಪ್ಲೇಟುಗಳ ಹಲ್ಲಿನ ಮೇಲೆ ಅಂಗೈ ಆಡಿಸಿದ, ಮತ್ತೆ ಮತ್ತೆ ಆಡಿಸಿದ. ಆಮೇಲೆ ಯಾರ ಮುಖವನ್ನೂ ನೋಡದೆ, "ಸಂಗಣ್ಣ, ಮುನೀಂದ್ರ ಇಳ್ಸಿದ್ ಪ್ಲೇಟು ಒಡೆದು ಫರ್ನೇಸಿಗಾಕು, ಸಾಲದ್ದು ಗುಜರಿಯಿಂದ ತರಾನ. ಕಿವಿ ಎರಡೂ ಬರ್ಲಿ" ಎಂದ. ತುಸು ಬಿಟ್ಟು, "ನಿದ್ದೆ ಒಡೀತಿದ್ದೆ ಅಂದೆ. ಅದ್ನ ಮನ್ಸಿಗಾಕ್ಕೋಬ್ಯಾಡ" ಎಂದ. ಅವನ ಬಾಯಲ್ಲಿ ಅಷ್ಟು ಬಂದದ್ದೇ ಹೆಚ್ಚು.

ಹೊಸ ಜೊತೆ ಟೆಂಪೋಗೆ ಏರಿದಾಗ ಶರಣಮ್ಮ ಸೆರಗು ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕೂತಾಗಿತ್ತು.

"ನೀನೆಲ್ಲಿಗಮ್ಮ?" ಎಂದ ಲಕ್ಷ್ಮಣಪ್ಪ.

"ನೋಡಾಕ್ರಿ. ಇವತ್ತು ನಮ್ಮಲ್ಲಿ ಊಟ ಇಲ್ಲ ಅಂತ ಹೇಳೀನಿ."

ಮುನೀಂದ್ರ ಗೇಟಲ್ಲೇ ಕೈ ಅಡ್ಡ ಇಟ್ಟ. ಲಕ್ಷ್ಮಣಪ್ಪ ಈ ಸಲ ಖಾಕಿ ಅಂಗಿ ಹಾಕಿದ್ದ. ತಪ್ಪು ತನ್ನದೇ ಎಂದ, ಇದೊಂದು ಜೊತೆ ಕೂರಿಸಿ ನೋಡಿ, ಇದಕ್ಕೆ ಕಿವಿ ಎರಡಿವೆ, ಉಳಿದ ಪ್ಲೇಟಿನ ಹಾಗೆ ಇದನ್ನೂ ಅರ್ಧ ಸವೆದಾಗ ತಿರುವಿ ಹಾಕಿ, ಬಾಳಿಕೆ ಬರದಿದ್ದರೆ ಮತ್ತೆ ಮುಖ ತೋರಿಸುವುದಿಲ್ಲ ಎಂದ. ಮುನೀಂದ್ರನ ಮಷಿನ್ನು ಹೇಗೂ ಖಾಲಿ ನಿಂತಿತ್ತು. ಕೂರಿಸಲು ಒಪ್ಪಿದ.

ಕ್ರಷರ್ ಶುರುವಾಯಿತು. ತಲೆಗಾತ್ರದ ಬಂಡೆ ದವಡೆಗೆ ಬಿತ್ತು, ಕಟಕಟ ಎಂದಿತು, ಕೆಳಗೆ ಜಲ್ಲಿಯಾಗಿ ಸುರಿಯಿತು. ಗಂಡ ಹೆಂಡತಿ ಮತ್ತು ಸಾವ್ಕಾರ ಮೂವರೂ ಬಾಯಿಗೆ ಬಟ್ಟೆ ಹಿಡಿದು, ಜಾತ್ರೆಗೆ ಬಂದ ಮಕ್ಕಳ ಹಾಗೆ ನಿಂತು ನೋಡಿದರು. ಸಂಗಣ್ಣ ಹೆಂಡತಿಯ ಕಿವಿಯ ಹತ್ತಿರ ಬಂದು, "ನಾ ಹೊಯ್ದದ್ದು ಹಿಂಗ ಅಗೀತೈತಿ ಅಂತ ಗೊತ್ತಿರಲಿಲ್ಲ ನೋಡ" ಎಂದ.

ದೀಪಾವಳಿ ಬಂತು, ಹೋಯಿತು. ಗೋಡೌನಿನವರು ಎರಡು ಸಲ ಬಂದು ಶೆಡ್ಡಿನ ಅಳತೆ ಹಿಡಿದು ಹೋದರು. ಲಕ್ಷ್ಮಣಪ್ಪ ಅವರಿಗೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಫರ್ನೇಸು ತಣ್ಣಗಿತ್ತು. ಶರಣಮ್ಮ ಪ್ರತಿ ಟಿಪ್ಪರಿನವನ ಕೈ ಹಿಡಿದು, "ಮುನೀಂದ್ರಣ್ಣನ ಕಡೆಯವನೇನು? ತಿರುವಿದ್ರೇನು?" ಎಂದು ಕೇಳುತ್ತಿದ್ದಳು. "ತಿರುವಿದ್ರು ಅಕ್ಕ, ಓಡ್ತಾ ಐತೆ" ಎಂದು ಒಬ್ಬ ಹೇಳಿದ ದಿನ ಅವನಿಗೆ ಕೇಳದೆಯೇ ಮೂರನೇ ಸಲ ಪಲ್ಯ ಬಿತ್ತು.

ಸಂಕ್ರಾಂತಿಯ ಮುಂಚೆ ಒಂದು ಮಧ್ಯಾಹ್ನ ಮುನೀಂದ್ರನ ಟೆಂಪೋ ಬಂತು. ಡ್ರೈವರು ಎರಡು ಪ್ಲೇಟು ಇಳಿಸಿ, "ಹಳೇದು ತಗೊಂಡು ಹೊಸ ಜೊತೆ ಕೊಡ್ಬೇಕಂತೆ. ಪಕ್ಕದ ಕ್ರಷರ್‌ನೋರಿಗೂ ಒಂದು ಜೊತೆ" ಎಂದ.

ಲಕ್ಷ್ಮಣಪ್ಪ ಕುರ್ಚಿಯಿಂದ ಎದ್ದ. "ಸಂಗಣ್ಣ, ಫರ್ನೇಸ್ ಆಕು."

ಶರಣಮ್ಮ ಆ ಎರಡರಲ್ಲಿ ಒಂದು ಪ್ಲೇಟನ್ನು ನಲ್ಲಿಯ ಹತ್ತಿರ ಎಳೆಸಿದಳು. ನೀರು ಸುರಿದಳು. ಬೂದು ಕೆಸರು ಕಳೆದು ಹೋಗಿ ಹಲ್ಲು ಕಾಣಿಸಿತು, ಮೇಲೂ ಕೆಳಗೂ ಒಂದೇ ಸಮ ಸವೆದಿತ್ತು. ಅದನ್ನು ಕರಗಿಸಲು ಬಿಡುವುದಿಲ್ಲ ಎಂದಳು. ಸಾವ್ಕಾರ ಗೊಣಗಿದ, ಆದರೆ ಬಿಟ್ಟ. ಸಂಡೂರಿನ ಪ್ಲೇಟಿನ ಪಕ್ಕದಲ್ಲಿ ನೆಲಮಂಗಲದ ಪ್ಲೇಟು ಕೂತಿತು.

ಟೆಂಪೋ ಡ್ರೈವರು ಊಟಕ್ಕೆಂದು ನಲ್ಲಿಯ ಕಡೆ ನಡೆದ.

"ತಡಿಯಪಾ" ಎಂದಳು ಶರಣಮ್ಮ. "ಕೈ ತೋರ್ಸು ಮೊದಲ. ಪಕ್ಕದ ಕ್ರಷರ್‌ನ ಕಲ್ಲು ನಿಮ್ಮದರ ಹಂಗೇ ಐತೇನು, ಬ್ಯಾರೇನೋ?"